23 ಹೆಸರು ಗೊತ್ತು, ಯಾವ ತೊಡಕಿಗೆ ಎಂಬುದು ಗೊತ್ತಿಲ್ಲ

ಮಾನ್ಯರೇ,

ಕಳೆದ ಭಾನುವಾರ ನನ್ನ ಅಕ್ಕನ ಮಗಳು ಪರೀಕ್ಷೆಗೆ ಓದಿಕೊಳ್ಳಲೆಂದು ನಮ್ಮ ಮನೆಗೆ ಬಂದಿದ್ದಳು. ಕಂಪ್ಯೂಟರ್ ಸೈನ್ಸಿನಲ್ಲಿ ಬಿ.ಇ., ಮೂರನೇ ವರ್ಷ. ಜಗಲಿಯ ಮೇಲೆ ಜೆರಾಕ್ಸ್ ಹಾಳೆಗಳನ್ನು ಹರಡಿಕೊಂಡು, ಕಣ್ಣು ಮುಚ್ಚಿ, ಮಗ್ಗಿ ಒಪ್ಪಿಸುವ ಹಾಗೆ ಒಪ್ಪಿಸುತ್ತಿದ್ದಳು: ಡಿಸೈನ್ ಪ್ಯಾಟರ್ನ್‌ಗಳು 23, ಗುಂಪು ಮೂರು, ಕ್ರಿಯೇಷನಲ್ 5, ಸ್ಟ್ರಕ್ಚರಲ್ 7, ಬಿಹೇವಿಯರಲ್ 11. ಆಮೇಲೆ ಒಂದೊಂದು ಗುಂಪಿನ ಹೆಸರುಗಳು. ಒಂದೂ ತಪ್ಪಲಿಲ್ಲ. ಪ್ಯಾಟರ್ನ್ ಎಂದರೆ ಸಾಫ್ಟ್‌ವೇರ್ ಬರೆಯುವಾಗ ಮತ್ತೆ ಮತ್ತೆ ಎದುರಾಗುವ ಒಂದು ತೊಡಕಿಗೆ ಹೆಸರಿಟ್ಟ ಪರಿಹಾರ.

"ಡೇರಿಯಲ್ಲಿ ಹಾಲು ಹಾಕಿದ ಮೇಲೆ ಒಂದು ಚೀಟಿ ಬರುತ್ತಲ್ಲ, ಅದನ್ನ ಪ್ರಿಂಟ್ ಮಾಡೋ ಕಡೆ ನಾನು ಇದರಲ್ಲೊಂದು ಬಳಸಿದೀನಿ. ಯಾವುದಿರಬಹುದು ಹೇಳು" ಎಂದೆ. ಅವಳು ಹಾಳೆಗಳನ್ನು ತಿರುವಿದಳು. "ಮಾವ, ಅಂಥ ಪ್ರಶ್ನೆ ಪರೀಕ್ಷೆಗೆ ಬರಲ್ಲ. ಮೂರು ಗುಂಪಿನ ಹೆಸರು ಬರೆದು, ಒಂದೊಂದಕ್ಕೆ ಎರಡು ಉದಾಹರಣೆ ಕೊಟ್ಟು, ಒಂದು ಚಿತ್ರ ಹಾಕಿದ್ರೆ ಹತ್ತು ಮಾರ್ಕ್ಸು" ಎಂದಳು.

ವಾರವೆಲ್ಲ ಆ ಮಾತು ಮನಸ್ಸಿನಿಂದ ಹೋಗಲಿಲ್ಲ. ಅದಕ್ಕೇ ಈ ಪತ್ರ.

ನಾನು ಚನ್ನರಾಯಪಟ್ಟಣದವನು. ಹತ್ತನೇ ತರಗತಿಯವರೆಗೆ ಕನ್ನಡ ಮಾಧ್ಯಮ, ಆಮೇಲೆ ಡಿಪ್ಲೊಮಾ. 19 ವರ್ಷದಿಂದ ಹಾಲು ಉತ್ಪಾದಕರ ಸಹಕಾರ ಸಂಘಗಳಿಗೆ ಸಾಫ್ಟ್‌ವೇರ್ ಬರೆದುಕೊಡುವುದೇ ನನ್ನ ಕಸುಬು. ಬೆಳಗ್ಗೆ ಸಂಜೆ ಹಾಲು ಅಳೆದು, ಫ್ಯಾಟು, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಹಾಲಿನಲ್ಲಿರುವ ಘನಾಂಶ) ನೋಡಿ, ದರ ಕಟ್ಟಿ, ಚೀಟಿ ಕೊಟ್ಟು, ಬಟವಾಡೆಯ ದಿನ ಹಿಂಡಿ ಬಾಕಿ ಕಳೆದು ಉಳಿದದ್ದನ್ನು ಖಾತೆಗೆ ಹಾಕುವ ತನಕದ ಲೆಕ್ಕ. ಈ 23 ಪ್ಯಾಟರ್ನ್‌ಗಳಲ್ಲಿ ಹಲವನ್ನು ನಾನು ಹೆಸರು ಕೇಳುವ ಮೊದಲೇ ಅನುಭವಿಸಿದ್ದೆ, ತೊಡಕುಗಳಾಗಿ. ಹೆಸರು ಆಮೇಲೆ ಸಿಕ್ಕಿತು. ನಮ್ಮ ಕಾಲೇಜುಗಳಲ್ಲಿ ಕಲಿಸುತ್ತಿರುವುದು ಇದರ ತದ್ವಿರುದ್ಧ: ಹೆಸರು ಮೊದಲು, ಗುಂಪು ಮೊದಲು, ತೊಡಕಿನ ಮಾತು ಬರುವುದೇ ಇಲ್ಲ.

ಈ ವಿಚಾರ ಹುಟ್ಟಿದ್ದೇ ಹಾಗಲ್ಲ. ಕ್ರಿಸ್ಟಫರ್ ಅಲೆಕ್ಸಾಂಡರ್ ಎಂಬ ವಾಸ್ತುಶಿಲ್ಪಿ ಮತ್ತು ಅವರ ಸಂಗಡಿಗರು 1977ರಲ್ಲಿ ಮನೆ, ಬೀದಿ, ಊರು ಕಟ್ಟುವುದರ ಬಗ್ಗೆ 253 ಪ್ಯಾಟರ್ನ್‌ಗಳ ಪುಸ್ತಕ ತಂದರು. ಅದರಲ್ಲಿ ಪ್ರತಿಯೊಂದೂ ಶುರುವಾಗುವುದು ಜನ ಪಡುವ ಒಂದು ತೊಂದರೆಯಿಂದ. ಅದನ್ನು ಓದಿದ ಕೆಂಟ್ ಬೆಕ್ ಮತ್ತು ವಾರ್ಡ್ ಕನಿಂಗ್‌ಹ್ಯಾಮ್ ಎಂಬ ಪ್ರೋಗ್ರಾಮರುಗಳು 1987ರಲ್ಲಿ, ಸ್ಮಾಲ್‌ಟಾಕ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಪರದೆ ವಿನ್ಯಾಸ ಮಾಡುವವರಿಗಾಗಿ ಬರೀ ಐದು ಪ್ಯಾಟರ್ನ್ ಬರೆದು ತೋರಿಸಿದರು. 1994ರಲ್ಲಿ ಎರಿಕ್ ಗಾಮಾ, ರಿಚರ್ಡ್ ಹೆಲ್ಮ್, ರಾಲ್ಫ್ ಜಾನ್ಸನ್, ಜಾನ್ ವ್ಲಿಸೈಡ್ಸ್ ಎಂಬ ನಾಲ್ವರು ಸೇರಿ ತಂದ ಪುಸ್ತಕದಲ್ಲಿ ಈ 23 ಬಂದವು, ಮೂರು ಗುಂಪುಗಳೂ ಬಂದವು. ಇಂದಿಗೂ ಎಲ್ಲ ನೋಟ್ಸ್‌ಗಳ ಮೂಲ ಅದೇ.

ಆ ಪುಸ್ತಕದ ಕಟ್ಟಡವನ್ನು ಒಮ್ಮೆ ನೋಡಬೇಕು. ಪ್ಯಾಟರ್ನ್‌ಗಳ ಪಟ್ಟಿಗೆ ಮೊದಲು ಒಂದಿಡೀ ಅಧ್ಯಾಯ ಲೆಕ್ಸಿ ಎಂಬ ಡಾಕ್ಯುಮೆಂಟ್ ಎಡಿಟರ್ ಕಟ್ಟುವ ಕೆಲಸಕ್ಕೆ ಮೀಸಲು. ಅದನ್ನು ಕಟ್ಟುವಾಗ ಎದುರಾಗುವ ಏಳು ತೊಡಕುಗಳನ್ನು ಮುಂದಿಟ್ಟು, ಒಂದೊಂದನ್ನೂ ಬಿಡಿಸುತ್ತಾ ಹೋಗುತ್ತಾರೆ. ಅದಾದ ಮೇಲೇ ಪಟ್ಟಿ. ಪಟ್ಟಿಯಲ್ಲೂ ಪ್ರತಿ ಪ್ಯಾಟರ್ನಿಗೆ ಅದರ ಉದ್ದೇಶವೇನು, ಅದು ಬೇಕಾಗುವ ಸಂದರ್ಭ ಯಾವುದು, ಬಳಸಿದರೆ ಸಿಗುವುದೇನು, ಕಳೆದುಕೊಳ್ಳುವುದೇನು ಎಂದೆಲ್ಲ ಬೇರೆ ಬೇರೆ ತಲೆಬರಹಗಳಿವೆ. ಕ್ಲಾಸುಗಳು, ಅಂದರೆ ಕೋಡಿನ ಕಟ್ಟುಗಳು, ಹೇಗೆ ಜೋಡಿಕೊಂಡಿವೆ ಎಂದು ತೋರಿಸುವ ಚಿತ್ರ ಅವುಗಳಲ್ಲಿ ಒಂದು ಅಷ್ಟೇ. ಅಕ್ಕನ ಮಗಳ ಜೆರಾಕ್ಸ್ ಹಾಳೆಗಳಲ್ಲಿ ಉಳಿದಿದ್ದದ್ದು ಹೆಸರು ಮತ್ತು ಚಿತ್ರ. ಕಳೆದುಕೊಳ್ಳುವುದರ ಬಗ್ಗೆ ಒಂದು ಸಾಲೂ ಇರಲಿಲ್ಲ.

ಚಿತ್ರ ಬರೆದರೆ ಮಾರ್ಕ್ಸು ಎಂಬುದರಲ್ಲೇ ದೊಡ್ಡ ತಪ್ಪಿದೆ. ಏಕೆಂದರೆ ಈ ಗುಂಪುಗಳನ್ನು ಮಾಡಿದ್ದು ಚಿತ್ರ ನೋಡಿ ಅಲ್ಲ, ಉದ್ದೇಶ ನೋಡಿ. ಇದನ್ನು ನನ್ನ ಡೇರಿ ಲೆಕ್ಕದಿಂದಲೇ ಹೇಳುತ್ತೇನೆ.

ನನಗೆ ಮೊದಲು ಕಾಡಿದ್ದು ಸ್ಟ್ರಕ್ಚರಲ್ ಗುಂಪು, ಅಂದರೆ ಇರುವ ತುಂಡುಗಳನ್ನು ಒಂದಕ್ಕೊಂದು ಹೇಗೆ ಜೋಡಿಸುವುದು ಎಂಬ ತೊಡಕು. ಮೊದಲ ಸಂಘದಲ್ಲಿದ್ದ ಹಾಲು ಪರೀಕ್ಷೆಯ ಯಂತ್ರ ಫ್ಯಾಟನ್ನು 3.5 ಎಂದೇ ಕಳಿಸುತ್ತಿತ್ತು. ಎರಡನೇ ಸಂಘದ ಯಂತ್ರ ಅದನ್ನೇ 0350 ಎಂದು ಕಳಿಸಿತು. ಮೂರನೆಯದು ಎಸ್‌ಎನ್‌ಎಫ್ ಕೊಡುವುದೇ ಇಲ್ಲ, ಲ್ಯಾಕ್ಟೋಮೀಟರ್ ರೀಡಿಂಗ್ ಮಾತ್ರ. ಅದನ್ನು 4ರಿಂದ ಭಾಗಿಸಿ, ಫ್ಯಾಟಿನ ಒಂದು ಪಾಲನ್ನೂ ಒಂದು ಸ್ಥಿರ ಸಂಖ್ಯೆಯನ್ನೂ ಕೂಡಿಸಿ ಎಸ್‌ಎನ್‌ಎಫ್ ನಾವೇ ತೆಗೆಯಬೇಕು. ತಕ್ಕಡಿಯದು ಇನ್ನೊಂದು ಕಥೆ: ಒಂದು ಕೆ.ಜಿ. ಹೇಳುತ್ತದೆ, ಸಂಘದ ಪುಸ್ತಕ ಲೀಟರ್ ಕೇಳುತ್ತದೆ. ಒಂದು ಲೀಟರ್ ಹಾಲು ಒಂದು ಕೆ.ಜಿ.ಗಿಂತ ಸ್ವಲ್ಪ ಹೆಚ್ಚು ತೂಗುವುದರಿಂದ ಎರಡೂ ಒಂದೇ ಎಂದು ಬಿಡುವ ಹಾಗೂ ಇಲ್ಲ.

ನಾನು ಮಾಡಿದ್ದೇನು? ದರ ಕಟ್ಟುವ ಜಾಗದಲ್ಲೇ "ಈ ಯಂತ್ರವಾದರೆ ಹೀಗೆ, ಆ ಯಂತ್ರವಾದರೆ ಹಾಗೆ" ಎಂದು ಸೇರಿಸುತ್ತಾ ಹೋದೆ. ಐದನೇ ಯಂತ್ರ ಬರುವ ಹೊತ್ತಿಗೆ ಆ ಒಂದು ಫಂಕ್ಷನ್ 300 ಸಾಲು ದಾಟಿತ್ತು. ಒಂದು ಯಂತ್ರಕ್ಕೆಂದು ತಿದ್ದಿದ್ದು ಇನ್ನೊಂದನ್ನು ಕೆಡಿಸಿತು. ಬೆಳಗ್ಗೆ ಆರೂವರೆಗೆ ಒಂದು ಸಂಘದಿಂದ ಫೋನು: 4.1 ಫ್ಯಾಟಿನ ಹಾಲಿಗೆ 41 ಎಂದು ಚೀಟಿ ಬರುತ್ತಿದೆ, ಕ್ಯಾನು ಹಿಡಿದು ಜನ ಸಾಲಿನಲ್ಲಿ ನಿಂತಿದ್ದಾರೆ. ಅಂದು ಕಾರ್ಯದರ್ಶಿಗಳು ಹಳೆಯ ದರಪಟ್ಟಿ ನೋಡಿ ಕೈಯಲ್ಲೇ ಚೀಟಿ ಬರೆದುಕೊಟ್ಟರು. ತಪ್ಪು ಪೂರ್ತಿ ನನ್ನದು.

ಒಂದೊಂದು ಯಂತ್ರಕ್ಕೂ ಒಂದು ಪುಟ್ಟ ಕ್ಲಾಸ್ ಬರೆದು, ಯಂತ್ರ ಏನೇ ಕಳಿಸಲಿ, ಒಳಗಿನವರಿಗೆ ಫ್ಯಾಟು, ಎಸ್‌ಎನ್‌ಎಫ್, ಲೀಟರು ಈ ಮೂರನ್ನೇ ಒಂದೇ ರೀತಿಯಲ್ಲಿ ಕೊಡಬೇಕು ಎಂದು ಕಟ್ಟು ಹಾಕಿದ ಮೇಲೆ ಆ 300 ಸಾಲು ಮಾಯವಾಯಿತು. ಹೊಸ ಯಂತ್ರ ಬಂದರೆ ಹೊಸ ಕ್ಲಾಸ್ ಅಷ್ಟೇ, ಹಳೆಯದನ್ನು ಮುಟ್ಟುವ ಹಾಗಿಲ್ಲ. ಇದಕ್ಕೆ ಅಡಾಪ್ಟರ್ ಎನ್ನುತ್ತಾರೆ ಎಂದು ನನಗೆ ತಿಳಿದದ್ದು ಎರಡು ವರ್ಷದ ಮೇಲೆ.

ಚೀಟಿಯದು ಡೆಕೊರೇಟರ್. ಒಂದು ಸಂಘಕ್ಕೆ ಚೀಟಿಯ ತಲೆಯಲ್ಲಿ ಸಂಘದ ಹೆಸರು ಬೇಕು, ಇನ್ನೊಂದಕ್ಕೆ ಕೆಳಗೆ ಹಿಂಡಿ ಬಾಕಿ, ಮತ್ತೊಂದಕ್ಕೆ ಈ ವಾರದ ಒಟ್ಟು ಲೀಟರ್, ಮಗದೊಂದಕ್ಕೆ ಕನ್ನಡ ಅಂಕಿ. ಬೇಕು ಬೇಡ ಎಂಬ ನಾಲ್ಕು ಆಯ್ಕೆಗೆ ಒಂದೊಂದು ಜೋಡಣೆಗೂ ಬೇರೆ ಕ್ಲಾಸ್ ಮಾಡಲು ಹೊರಟರೆ 16 ಕ್ಲಾಸ್ ಆಗುತ್ತದೆ. ಐದನೆಯದು ಸೇರಿದರೆ 32. ಅದರ ಬದಲು ಬರಿಯ ಚೀಟಿಯ ಮೇಲೆ ಬೇಕಾದ್ದನ್ನು ಒಂದೊಂದೇ ಹೊದಿಕೆಯಾಗಿ ಹೊದಿಸುತ್ತಾ ಹೋಗುವುದು. ಜಾವಾ ಬಲ್ಲವರು ಫೈಲ್ ಓದುವಾಗ ಒಂದು ಇನ್‌ಪುಟ್ ಸ್ಟ್ರೀಮಿನ ಮೇಲೆ ಬಫರ್ ಸ್ಟ್ರೀಮ್ ಹೊದಿಸುತ್ತಾರಲ್ಲ, ಅದೇ ಇದು.

ಈಗ ದರಪಟ್ಟಿಯ ವಿಚಾರ. ಹಳ್ಳಿಯ ಇಂಟರ್‌ನೆಟ್ಟು ಮಳೆ ಬಂದರೆ ನಿಲ್ಲುತ್ತದೆ. ದೂರದ ಸರ್ವರಿನಲ್ಲಿರುವ ದರಪಟ್ಟಿಯನ್ನು ಪ್ರತಿ ಕ್ಯಾನಿಗೂ ಹೋಗಿ ಕೇಳಲು ಆಗುವುದಿಲ್ಲ. ಹಾಗಾಗಿ ದರಪಟ್ಟಿಯ ಜಾಗದಲ್ಲಿ, ನೋಡಲು ಅದರಂತೆಯೇ ಇರುವ ಒಂದು ಪ್ರತಿನಿಧಿಯನ್ನು ಕೂರಿಸಿದ್ದೇನೆ. ಅದು ನಕಲನ್ನು ಹತ್ತಿರ ಇಟ್ಟುಕೊಂಡು ಉತ್ತರ ಹೇಳುತ್ತದೆ, ಸಂಪರ್ಕ ಸಿಕ್ಕಾಗ ಮೂಲದಿಂದ ಹೊಸದು ತಂದುಕೊಳ್ಳುತ್ತದೆ. ಇದು ಪ್ರಾಕ್ಸಿ. ಡೆಕೊರೇಟರಿನ ಚಿತ್ರವನ್ನೂ ಪ್ರಾಕ್ಸಿಯ ಚಿತ್ರವನ್ನೂ ಅಕ್ಕಪಕ್ಕ ಇಡಿ: ಹೆಚ್ಚುಕಡಿಮೆ ಒಂದೇ. ಎರಡರಲ್ಲೂ ಒಂದು ಆಬ್ಜೆಕ್ಟು (ಕ್ಲಾಸಿನ ಅಚ್ಚಿನಿಂದ ಹುಟ್ಟುವ ತುಂಡು) ತನ್ನಂಥದ್ದೇ ಮುಖವಿರುವ ಇನ್ನೊಂದನ್ನು ಒಳಗಿಟ್ಟುಕೊಂಡಿದೆ. ಒಂದರ ಉದ್ದೇಶ ಹೊಸದನ್ನು ಸೇರಿಸುವುದು, ಇನ್ನೊಂದರ ಉದ್ದೇಶ ಒಳಗಿನದರ ಬಳಿ ಹೋಗುವುದನ್ನು ಹಿಡಿತದಲ್ಲಿಡುವುದು. ಉದ್ದೇಶ ಬಿಟ್ಟು ಚಿತ್ರ ಮಾತ್ರ ಕಲಿತವರಿಗೆ ಈ ವ್ಯತ್ಯಾಸ ಎಲ್ಲಿಂದ ಸಿಗಬೇಕು?

ಇದೇ ಗುಂಪಿನ ಕಾಂಪೊಸಿಟ್ ನನಗೆ ತುಂಬಾ ಇಷ್ಟ. ಸದಸ್ಯ, ಸಂಘ, ಹಾಲಿನ ಲಾರಿಯ ಮಾರ್ಗ, ಒಕ್ಕೂಟ, ಯಾರನ್ನು ಕೇಳಿದರೂ ಪ್ರಶ್ನೆ ಒಂದೇ: ಇವತ್ತು ಎಷ್ಟು ಲೀಟರ್? ಸದಸ್ಯ ತನ್ನದನ್ನು ಹೇಳುತ್ತಾನೆ, ಉಳಿದವರು ತಮ್ಮ ಕೈಕೆಳಗಿನವರನ್ನು ಕೇಳಿ ಕೂಡಿ ಹೇಳುತ್ತಾರೆ. ಕೇಳುವವನಿಗೆ ಎದುರಿಗಿರುವುದು ಒಬ್ಬನೋ ಸಾವಿರ ಜನವೋ ಎಂಬ ಚಿಂತೆ ಬೇಡ.

ಬಿಹೇವಿಯರಲ್ ಗುಂಪು ಬೇರೆಯದೇ ತೊಡಕಿಗೆ: ಯಾವ ಕೆಲಸ ಯಾರದು, ಯಾರು ಯಾರಿಗೆ ಯಾವಾಗ ತಿಳಿಸಬೇಕು. ದರ ಕಟ್ಟುವ ಬಗೆ ಆಗಾಗ ಬದಲಾಗುತ್ತದೆ. ಕೆಲವು ಕಡೆ ಫ್ಯಾಟು ಎಸ್‌ಎನ್‌ಎಫ್ ಎರಡನ್ನೂ ಕೋಷ್ಟಕದಲ್ಲಿ ನೋಡುತ್ತಾರೆ, ಕೆಲವು ಕಡೆ ಫ್ಯಾಟ್ ಮಾತ್ರ. ದರ ಕಟ್ಟುವ ಬಗೆಯನ್ನೇ ಒಂದು ಆಬ್ಜೆಕ್ಟ್ ಮಾಡಿ, ಬೇಕಾದಾಗ ಒಂದನ್ನು ತೆಗೆದು ಇನ್ನೊಂದನ್ನು ಕೂರಿಸಿದರೆ ಅದು ಸ್ಟ್ರಾಟಜಿ. ಸರದಿಯ ವಿಚಾರ ನೋಡಿ: ಬೆಳಗಿನ ಸರದಿ ತೆರೆದಿರುವಾಗ ಹಾಲು ಹಾಕಬಹುದು, ಮುಚ್ಚಿದ ಮೇಲೆ ತಿದ್ದುಪಡಿ ಮಾತ್ರ, ಲಾರಿ ಹೋದ ಮೇಲೆ ಅದೂ ಇಲ್ಲ. ಸ್ಥಿತಿಯೊಂದಿಗೆ ನಡತೆ ಬದಲಾಗುತ್ತದೆ, ಒಂದು ಸ್ಥಿತಿ ಮುಂದಿನದಕ್ಕೆ ತಾನೇ ಜಾರುತ್ತದೆ. ಅದು ಸ್ಟೇಟ್. ಇವೆರಡರ ಚಿತ್ರವೂ ಒಂದೇ. ಹಾಗಿರುವಾಗ ಚಿತ್ರಕ್ಕೆ ಮಾರ್ಕ್ಸು ಕೊಡುವವರು ಏನನ್ನು ಅಳೆದಂತಾಯಿತು?

ಭಾನುವಾರ ಸಂಜೆ ಅವಳನ್ನು ಡೇರಿಗೆ ಕರೆದುಕೊಂಡು ಹೋದೆ. ಕಾರ್ಯದರ್ಶಿಗಳು ಒಬ್ಬರ ಹಾಲು ಅಳೆದು ಗುಂಡಿ ಒತ್ತಿದರು. ಚೀಟಿ ಬಂತು, ಗೋಡೆಯ ಮೇಲಿನ ಬೋರ್ಡಿನಲ್ಲಿ ಕೆಂಪು ಅಂಕಿ ಬದಲಾಯಿತು, ಆ ಅಮ್ಮನ ಮಗನ ಮೊಬೈಲಿಗೆ ಎಸ್‌ಎಂಎಸ್ ಹೋಯಿತು, ದಿನದ ಒಟ್ಟು ಏರಿತು. "ಒಂದು ಆದದ್ದನ್ನ ನಾಲ್ಕು ಕಡೆ ಕೇಳಿಸಿಕೊಂಡವು" ಎಂದೆ. "ಅಬ್ಸರ್ವರ್!" ಎಂದಳು. ಸ್ವಲ್ಪ ಹೊತ್ತು ಬಿಟ್ಟು ತಾನಾಗಿಯೇ ಕೇಳಿದಳು: "ಮಾವ, ಎಸ್‌ಎಂಎಸ್ ಹೋಗದೆ ಸಿಕ್ಕಿಹಾಕಿಕೊಂಡ್ರೆ, ಅದರ ಹಿಂದಿರೋ ಚೀಟಿನೂ ನಿಂತುಬಿಡುತ್ತಾ?" ಹಾಳೆಯಲ್ಲಿ ಇಲ್ಲದ ಪ್ರಶ್ನೆ. ಮೂಲ ಪುಸ್ತಕದಲ್ಲಿ ಸಾಧಕ ಬಾಧಕ ಎಂದು ಬರೆದಿರುವುದು ಇಂಥ ಪ್ರಶ್ನೆಗಳನ್ನೇ. ರಾತ್ರಿ ಕೋಡ್ ತೆಗೆದು ನೋಡಿದೆ. ನಿಲ್ಲುವ ಹಾಗೇ ಇತ್ತು. ಸೋಮವಾರ ಸರಿಪಡಿಸಿದೆ.

ಆ ಹುಡುಗಿ ದಡ್ಡಿಯಲ್ಲ, ಕಲಿಸುವವರು ಸೋಮಾರಿಗಳೂ ಅಲ್ಲ ಎಂದು ಹೇಳಲೆಂದೇ ಇದನ್ನು ಬರೆದೆ. ಪ್ರಶ್ನೆಪತ್ರಿಕೆ ಹೇಗಿದೆಯೋ ಪಾಠವೂ ಹಾಗೇ ನಡೆಯುತ್ತದೆ.

ಕ್ರಿಯೇಷನಲ್ ಗುಂಪು ಚಿಕ್ಕದು, ಆಬ್ಜೆಕ್ಟನ್ನು ಯಾರು, ಯಾವಾಗ, ಹೇಗೆ ಹುಟ್ಟಿಸಬೇಕು ಎಂಬುದಕ್ಕೆ. ಹೆಚ್ಚು ಹೇಳುವುದಿಲ್ಲ, ಆದರೆ ಸಿಂಗಲ್ಟನ್ ಬಗ್ಗೆ ಹೇಳಲೇಬೇಕು. ವಿದ್ಯಾರ್ಥಿಗಳೆಲ್ಲ ಮೊದಲು ಬರೆಯುವ ಉದಾಹರಣೆ ಅದೇ, ಚಿಕ್ಕದಾಗಿದೆಯೆಂದು. ಒಂದು ಕ್ಲಾಸಿಗೆ ಒಂದೇ ಆಬ್ಜೆಕ್ಟು, ಎಲ್ಲಿಂದ ಬೇಕಾದರೂ ಕೈಗೆ ಸಿಗುತ್ತದೆ. ನಾನೂ ಸಂಘದ ವಿವರಗಳನ್ನೆಲ್ಲ ಹಾಗೆ ಇಟ್ಟಿದ್ದೆ. ಒಂದು ಕಂಪ್ಯೂಟರಿಗೆ ಒಂದೇ ಸಂಘ ತಾನೆ ಎಂದು. ಆಮೇಲೆ ಒಂದು ಸಂಘ ಪಕ್ಕದ ಹಟ್ಟಿಯಲ್ಲಿ ಎರಡನೇ ಹಾಲು ಕೇಂದ್ರ ತೆರೆದು, ಎರಡರ ಲೆಕ್ಕವನ್ನೂ ಅದೇ ಕಂಪ್ಯೂಟರಿನಲ್ಲಿ ಮಾಡಬೇಕೆಂದಿತು. ಹಟ್ಟಿಯ ಸಂಜೆ ಹಾಲು ಊರಿನ ಸದಸ್ಯರ ಪುಸ್ತಕಕ್ಕೆ ಬಿತ್ತು. ಆ ಒಂದೇ ಆಬ್ಜೆಕ್ಟನ್ನು ಎಷ್ಟು ಕಡೆಯಿಂದ ಮುಟ್ಟಿದ್ದೆನೆಂದು ಹುಡುಕಿ ಬಿಡಿಸುವಷ್ಟರಲ್ಲಿ ರಾತ್ರಿ ಎರಡು ಗಂಟೆ. ಮೂಲ ಪುಸ್ತಕದ ನಾಲ್ವರಲ್ಲಿ ಒಬ್ಬರಾದ ಗಾಮಾ ಅವರೇ 2009ರ ಒಂದು ಸಂದರ್ಶನದಲ್ಲಿ, ಪಟ್ಟಿಯಿಂದ ಯಾವುದನ್ನಾದರೂ ಬಿಡುವುದಾದರೆ ಸಿಂಗಲ್ಟನ್ ಬಿಡಬೇಕೆಂಬುದು ತಮ್ಮ ಅಭಿಪ್ರಾಯ ಎಂದಿದ್ದಾರೆ. ನಮ್ಮ ಜೆರಾಕ್ಸ್ ಹಾಳೆಗೆ ಆ ಸುದ್ದಿ ಇನ್ನೂ ಮುಟ್ಟಿಲ್ಲ.

ಅದೇ ಸಂದರ್ಶನದಲ್ಲಿ ಇನ್ನೊಂದು ಮಾತಿದೆ. ತಾವು ಮಾಡಿದ ಗುಂಪುಗಳನ್ನೇ ಅವರು ಮತ್ತೆ ಕಲಸಿ ನೋಡಿದ್ದರು: ಎಲ್ಲರಿಗೂ ಬೇಕಾಗುವ ಮುಖ್ಯವಾದವು ಒಂದು ಕಡೆ, ಹುಟ್ಟಿಸುವುದಕ್ಕೆ ಸಂಬಂಧಪಟ್ಟವು ಒಂದು ಕಡೆ, ಅಂಚಿನಲ್ಲಿರುವವು ಒಂದು ಕಡೆ, ಉಳಿದವು ಬೇರೆ. ಹಳೆಯ ಕೆಲವು ಹೊರಗೆ ಹೋಗಿ, ನಲ್ ಆಬ್ಜೆಕ್ಟ್, ಡಿಪೆಂಡೆನ್ಸಿ ಇಂಜೆಕ್ಷನ್‌ನಂಥ ಹೊಸವು ಒಳಗೆ ಬಂದಿದ್ದವು. ಗುಂಪು ಮಾಡಿದವರೇ ಅದನ್ನು ಕಲ್ಲಿನಲ್ಲಿ ಕೆತ್ತಿದ್ದು ಎಂದುಕೊಂಡಿರಲಿಲ್ಲ. 1994ರಲ್ಲೂ ಅವರು ಮೂರು ಗುಂಪಿನ ಜೊತೆಗೆ ಇನ್ನೊಂದು ಅಳತೆ ಇಟ್ಟಿದ್ದರು: ಕೆಲಸ ಆಗುವುದು ಕ್ಲಾಸಿನ ಮಟ್ಟದಲ್ಲೋ, ಅಂದರೆ ಒಂದು ಕ್ಲಾಸು ಇನ್ನೊಂದರ ಗುಣ ಪಡೆಯುವ ಇನ್‌ಹೆರಿಟೆನ್ಸ್‌ನಿಂದಲೋ, ಅಥವಾ ಪ್ರೋಗ್ರಾಂ ಓಡುವಾಗ ಆಬ್ಜೆಕ್ಟುಗಳ ನಡುವೆಯೋ. ಕೆಲಸದ ಕ್ರಮ ಒಂದೇ ಇಟ್ಟು ಕೆಲವು ಹಂತಗಳನ್ನು ಮಾತ್ರ ಕೆಳಗಿನ ಕ್ಲಾಸಿಗೆ ಬಿಡುವ ಟೆಂಪ್ಲೇಟ್ ಮೆಥಡ್ ಮತ್ತು ಸ್ಟ್ರಾಟಜಿ ಎರಡೂ ಬಿಹೇವಿಯರಲ್ಲೇ, ಆದರೆ ಒಂದು ಕ್ಲಾಸಿನದು, ಇನ್ನೊಂದು ಆಬ್ಜೆಕ್ಟಿನದು. ಸರದಿಯ ಮಧ್ಯೆ ದರ ಕಟ್ಟುವ ಬಗೆ ಬದಲಾಯಿಸಬೇಕಾದವನಿಗೆ ಈ ಎರಡನೇ ಅಳತೆಯೇ ಮುಖ್ಯ. ಅದು ನೋಟ್ಸಿನಿಂದ ಪೂರ್ತಿ ಬಿದ್ದುಹೋಗಿದೆ.

ಪ್ರೋಗ್ರಾಮಿಂಗ್ ಭಾಷೆಯೂ ಬದಲಾಗಿದೆ. ಕಂಪ್ಯೂಟರ್ ವಿಜ್ಞಾನಿ ಪೀಟರ್ ನಾರ್ವಿಗ್ 1996ರಲ್ಲೇ, ಲಿಸ್ಪ್, ಡಿಲನ್‌ನಂಥ ಭಾಷೆಗಳಲ್ಲಿ 23ರ ಪೈಕಿ 16 ಸರಳವಾಗುತ್ತವೆ, ಇಲ್ಲವೇ ಕಾಣದಂತೆ ಕರಗುತ್ತವೆ ಎಂದು ತೋರಿಸಿದ್ದರು. ಅಕ್ಕನ ಮಗಳು ಪೈಥಾನ್ ಬರೆಯುತ್ತಾಳೆ. ಅಲ್ಲಿ ಸ್ಟ್ರಾಟಜಿ ಎಂದರೆ ಒಂದು ಫಂಕ್ಷನ್ನನ್ನು ಕೈಗೆ ಕೊಡುವುದು, ಕ್ಲಾಸುಗಳ ಚಿತ್ರವೇ ಬೇಕಿಲ್ಲ. ಚಿತ್ರ ಕರಗಿದರೂ ತೊಡಕು ಕರಗುವುದಿಲ್ಲ, ದರ ಕಟ್ಟುವ ಬಗೆ ನಾಳೆಯೂ ಬದಲಾಗುತ್ತದೆ. ಕಲಿಸಬೇಕಾದ್ದು ಅದನ್ನು.

ಆದ್ದರಿಂದ ನಿಮ್ಮ ಪತ್ರಿಕೆಯ ಮೂಲಕ ಪಠ್ಯ ಮತ್ತು ಪ್ರಶ್ನೆಪತ್ರಿಕೆ ಮಾಡುವವರಲ್ಲಿ ಕೇಳಿಕೊಳ್ಳುತ್ತೇನೆ. "ಪ್ಯಾಟರ್ನ್‌ಗಳ ವಿಧಗಳನ್ನು ಪಟ್ಟಿ ಮಾಡಿ" ಎಂಬ ಪ್ರಶ್ನೆಯನ್ನು ದಯವಿಟ್ಟು ಕೈಬಿಡಿ. ಅದರ ಬದಲು ಅರ್ಧ ಪುಟದಲ್ಲಿ ಒಂದು ಕೆಲಸ ವಿವರಿಸಿ: ರೇಷ್ಮೆ ಗೂಡಿನ ಹರಾಜು, ಬಸ್ ಪಾಸು, ಗ್ರಂಥಾಲಯ, ಯಾವುದಾದರೂ ಸರಿ. ಇಲ್ಲಿ ತೊಡಕು ಹುಟ್ಟಿಸುವುದರಲ್ಲಿದೆಯೋ, ಜೋಡಿಸುವುದರಲ್ಲಿದೆಯೋ, ನಡತೆಯಲ್ಲಿದೆಯೋ ಎಂದು ಕೇಳಿ. ಪ್ಯಾಟರ್ನ್ ಬೇಡವೇ ಬೇಡ, ನೇರ ಬರೆದರೆ ಸಾಕು ಎಂಬ ಉತ್ತರಕ್ಕೂ, ಕಾರಣ ಸರಿಯಿದ್ದರೆ, ಪೂರ್ತಿ ಅಂಕ ಕೊಡಿ.

ಇನ್ನೊಂದು ಕೋರಿಕೆ. ಕನ್ನಡವೂ ಸೇರಿದಂತೆ ಭಾರತೀಯ ಭಾಷೆಗಳಲ್ಲಿ ಎಂಜಿನಿಯರಿಂಗ್ ಕಲಿಸಲು ಎಐಸಿಟಿಇ (ಅಖಿಲ ಭಾರತ ತಾಂತ್ರಿಕ ಶಿಕ್ಷಣ ಮಂಡಳಿ) 2021ರಲ್ಲಿ ಅವಕಾಶ ಮಾಡಿಕೊಟ್ಟಿತು. ಪುಸ್ತಕ ಬರೆಯುವವರು ಅಡಾಪ್ಟರಿಗೆ, ಪ್ರಾಕ್ಸಿಗೆ ಸಂಸ್ಕೃತದ ಹೊಸ ಪದ ಹುಡುಕುತ್ತಾ ಕೂರುವುದು ಬೇಡ. ಆ ಹೆಸರುಗಳು ಹಾಗೇ ಇರಲಿ, ಹುಡುಗರು ನಾಳೆ ಕೆಲಸದಲ್ಲಿ ಅವನ್ನೇ ಕೇಳುತ್ತಾರೆ. ಕನ್ನಡ ಬೇಕಾಗಿರುವುದು ತೊಡಕನ್ನು ಹೇಳುವುದಕ್ಕೆ. ಡೇರಿಯ ಸಾಲಿನಲ್ಲಿ ನಿಂತ ಮಕ್ಕಳಿಗೆ ಆ ತೊಡಕು ಇಂಗ್ಲಿಷಿನಲ್ಲಿ ಮೂರು ಓದಿಗೂ ತಲೆಗೆ ಹೋಗದ್ದು ಕನ್ನಡದಲ್ಲಿ ಒಂದು ಮಾತಿಗೆ ಹೋಗುತ್ತದೆ, ಅದನ್ನು ಭಾನುವಾರ ಕಣ್ಣಾರೆ ಕಂಡಿದ್ದೇನೆ.

ಯಂತ್ರಗಳ ಅಡಾಪ್ಟರ್, ಚೀಟಿ, ದರಪಟ್ಟಿ, ಸರದಿ ಈ ನಾಲ್ಕರ ಕೋಡನ್ನು, ಸದಸ್ಯರ ವಿವರವೆಲ್ಲ ತೆಗೆದು, ಕೆಡುವ ಮುಂಚೆ ಹೇಗಿತ್ತು, ಕೆಟ್ಟದ್ದೆಲ್ಲಿ, ಆಮೇಲೆ ಹೇಗಾಯಿತು ಎಂಬ ಕನ್ನಡ ಟಿಪ್ಪಣಿಯ ಜೊತೆ ಸಿದ್ಧ ಮಾಡುತ್ತಿದ್ದೇನೆ. ಆ 300 ಸಾಲಿನ ಫಂಕ್ಷನ್ನನ್ನೂ ಇದ್ದ ಹಾಗೇ ಸೇರಿಸುತ್ತೇನೆ. ತರಗತಿಯಲ್ಲಿ ಬಳಸಲು ಯಾವ ಅಧ್ಯಾಪಕರಿಗೆ ಬೇಕಾದರೂ ಹಣವಿಲ್ಲದೆ ಕೊಡುತ್ತೇನೆ, ಕರೆದರೆ ಕಾಲೇಜಿಗೂ ಬಂದು ವಿವರಿಸುತ್ತೇನೆ. ಬೆಳಗ್ಗೆ ಒಂಬತ್ತರವರೆಗೆ ಮತ್ತು ಸಂಜೆ ಐದರ ಮೇಲೆ ಮಾತ್ರ ಆಗುವುದಿಲ್ಲ, ಅದು ಹಾಲು ಹಾಕುವ ಹೊತ್ತು.

ಇಂತಿ,
ಹಾಲು ಸಂಘಗಳ ಸಾಫ್ಟ್‌ವೇರ್ ಬರೆಯುವ ಒಬ್ಬ ಓದುಗ,
ಚನ್ನರಾಯಪಟ್ಟಣ, ಹಾಸನ ಜಿಲ್ಲೆ